ಮಳೆಯಲ್ಲಿ ನಿಂತು ಬಹುಮಾನ ಪಡೆದವನು

(ತಡವಳದಲ್ಲಿ ಕೂಡಿದ ಕೆಲಸಗಾರರ ಕುಟುಂಬಗಳ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ದಿನವೆಲ್ಲ ಬಿಸಿಲಿನಲ್ಲಿ ದುಡಿದು, ಮನೆಗೆ ಹೋಗಿ ಕೈಕಾಲು ತೊಳೆದು, ಮಕ್ಕಳನ್ನು ಕರೆದುಕೊಂಡು ನೀವು ಇಲ್ಲಿಗೆ ಬಂದಿದ್ದೀರಿ. ನಿಮ್ಮ ದಣಿವು ನಮಗೆ ಗೊತ್ತಿದೆ. ಆದ್ದರಿಂದ ಈ ಹೊತ್ತು ಲೆಕ್ಕಪತ್ರದ ಮಾತು ಬೇಡ, ಒಬ್ಬ ಮನುಷ್ಯನ ಕಥೆ ಹೇಳೋಣವೆಂದು ನಾವು ಯೋಚಿಸಿದೆವು. ಅವನು ಗಾಲ್ಫ್ ಎಂಬ ಆಟ ಆಡುತ್ತಿದ್ದ. ಈ ಹೆಸರು ಕೇಳುತ್ತಲೇ ಮುಂದಿನ ಸಾಲಿನ ಹುಡುಗರು ನಕ್ಕರು. ನಗಲಿ. ಅದು ದೊರೆಗಳ ಆಟ, ಸಾಹುಕಾರರ ಆಟ, ನಮಗೇಕೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಕಥೆ ಮುಗಿದ ಮೇಲೆ ಅದು ಯಾರ ಆಟವೆಂದು ನೀವೇ ಹೇಳಿ.

ಆಟ ತಿಳಿಯದವರಿಗಾಗಿ ಎರಡು ಮಾತು. ಹುಲ್ಲು ಬೆಳೆಸಿದ ದೊಡ್ಡ ಬಯಲು. ಅದರಲ್ಲಿ ದೂರ ದೂರಕ್ಕೆ ಹದಿನೆಂಟು ಸಣ್ಣ ಕುಳಿಗಳು. ಆಟಗಾರನು ಕೋಲಿನಿಂದ ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಒಂದೊಂದೇ ಕುಳಿಗೆ ಬೀಳಿಸಬೇಕು. ಯಾರು ಕಡಿಮೆ ಏಟಿನಲ್ಲಿ ಮುಗಿಸಿದರೋ ಅವರು ಗೆದ್ದರು. ನಮ್ಮ ಮಕ್ಕಳು ಚಿಣಿಪಣಿ ಆಡುವಾಗ ಕಣ್ಣು, ಕೈ, ಅಳತೆ ಎಲ್ಲ ಕೂಡಿಬರಬೇಕಲ್ಲ, ಇಲ್ಲಿಯೂ ಹಾಗೆಯೇ. ಆದರೆ ಕೋಲುಗಳು ಒಂದಲ್ಲ, ಹತ್ತು ಹನ್ನೆರಡು. ಅವನ್ನು ತುಂಬಿದ ಚೀಲ ಭಾರ. ಆ ಚೀಲವನ್ನು ಹೊತ್ತು ಆಟಗಾರನ ಹಿಂದೆ ನಡೆಯುವ ಕೂಲಿಯಾಳಿಗೆ ಕ್ಯಾಡಿ ಎನ್ನುತ್ತಾರೆ. ನಮ್ಮ ಕಥೆ ಶುರುವಾಗುವುದು ಚೀಲ ಹೊರುವ ಈ ಹುಡುಗನಿಂದ.

ಈಗ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಿ: 1860.

ಆ ವರ್ಷ ಅಕ್ಟೋಬರ್ 17ರಂದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಎಂಬ ಊರಿನಲ್ಲಿ ಎಂಟು ಜನ ಗಾಲ್ಫ್ ಆಡಿದರು. ಕೂಲಿಗಾಗಿ ಆಡುವವರ ಮೊದಲ ದೊಡ್ಡ ಪಂದ್ಯ ಅದು. ಇಂದಿಗೂ ಓಪನ್ ಎಂದು ಲೋಕಪ್ರಸಿದ್ಧವಾಗಿರುವ ಪಂದ್ಯ ಹುಟ್ಟಿದ್ದು ಹಾಗೆ. ಅವರಲ್ಲಿ ಗೆದ್ದವನು ವಿಲ್ಲಿ ಪಾರ್ಕ್, ಹೊಲದ ಕೆಲಸದವರ ಮನೆಯ ಮಗ. ಚಿಕ್ಕಂದಿನಲ್ಲಿ ಅವನೂ ಚೀಲ ಹೊತ್ತವನೇ. ಅವನು 174 ಏಟಿನಲ್ಲಿ ಮುಗಿಸಿದ. ಎರಡನೆಯವನಾದ ಟಾಮ್ ಮಾರಿಸ್ 176ರಲ್ಲಿ ಮುಗಿಸಿದ. ಗೆದ್ದವನಿಗೆ ಕೊಟ್ಟದ್ದು ಬೆಳ್ಳಿ ಕೆತ್ತನೆಯ ಒಂದು ಕೆಂಪು ಚರ್ಮದ ನಡುಪಟ್ಟಿ. ಅದನ್ನೂ ಮುಂದಿನ ವರ್ಷ ಹಿಂದಿರುಗಿಸಬೇಕು. ಹಣ ಒಂದು ಕಾಸೂ ಇಲ್ಲ. ಪಾರ್ಕ್ ಆಮೇಲೆ 1863, 1866 ಮತ್ತು 1875ರಲ್ಲಿ ಮತ್ತೆ ಗೆದ್ದ. ಕೋಲು, ಚೆಂಡು ಮಾಡುವ ಕಸಬಿನಿಂದ ಸಂಸಾರ ನಡೆಸಿದ.

ಅದೇ ಅಕ್ಟೋಬರಿನಲ್ಲಿ, ಪ್ರೆಸ್ಟ್‌ವಿಕ್ಕಿನ ಪಂದ್ಯಕ್ಕೆ ಐದು ದಿನ ಮೊದಲು, ಮದ್ರಾಸಿನ ಬಂದರಿನಿಂದ ಟ್ರೂರೋ ಎಂಬ ಹಡಗು ಹೊರಟಿತು. ಅದರಲ್ಲಿ ಇದ್ದವರು ನಮ್ಮ ದೇಶದ ಬಡವರು. ಹಿಂದೂಗಳಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು. ನವೆಂಬರ್ 16ರಂದು ಅವರು ದಕ್ಷಿಣ ಆಫ್ರಿಕದ ನೆಟಾಲ್ ಪ್ರಾಂತದ ಡರ್ಬನ್ನಿನಲ್ಲಿ ಇಳಿದರು. ಬಿಳಿಯರ ಕಬ್ಬಿನ ತೋಟಗಳಿಗೆ ಆಳು ಬೇಕಾಗಿತ್ತು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ ಹತ್ತು ಶಿಲ್ಲಿಂಗ್ ಮತ್ತು ರೇಶನ್. ಪಾಸು ಇಲ್ಲದೆ ತೋಟ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಕಡಿತ. ಕರಾರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಅಗ್ರಿಮೆಂಟ್ ಎಂಬ ಮಾತು ಆ ಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು. 1911ರಲ್ಲಿ ಈ ಪದ್ಧತಿ ನಿಲ್ಲುವ ತನಕ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರು ಹೀಗೆ ನೆಟಾಲಿಗೆ ಹೋದರು.

ಕಬ್ಬು ಕಡಿಯಲು ಹೋಗುವ ಮುನ್ನ ಮುಕಾದಮನಿಂದ ಉಚಲ್ ಹಣ ಪಡೆದು, ಗಂಡ ಹೆಂಡತಿ ಒಂದು ಕೊಯ್ತಾ ಎಂದು ಲೆಕ್ಕಕ್ಕೆ ಬಿದ್ದು, ಹಂಗಾಮು ಮುಗಿದರೂ ಬಾಕಿ ತೀರದೆ ಮರುವರ್ಷ ಮತ್ತೆ ಹೋದವರು ಈ ಸೀಮೆಯಲ್ಲಿದ್ದಾರೆ. ಅವರಿಗೆ ಗಿರ್ಮಿಟ್ ಎಂದರೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಂದೇ ವರ್ಷ, ಒಂದು ಕಡೆ ಕೂಲಿ ಆಟಗಾರರ ಚರಿತ್ರೆ ಶುರುವಾಯಿತು, ಇನ್ನೊಂದು ಕಡೆ ನೆಟಾಲಿನ ಭಾರತೀಯ ಕೂಲಿಗಳ ಚರಿತ್ರೆ ಶುರುವಾಯಿತು. ಒಂದು ನೂರು ವರ್ಷದ ನಂತರ ಈ ಎರಡೂ ಒಬ್ಬ ಮನುಷ್ಯನಲ್ಲಿ ಕೂಡಿದವು. ಅವನ ಹೆಸರು ಸೆವಸುಂಕರ್ ಸೆವಗೋಲಂ. ಸೆವಸುಂಕರ್ ಎಂದರೆ ಬೇರೇನೂ ಅಲ್ಲ, ನಮ್ಮ ಶಿವಶಂಕರ. ಆ ದೇಶದ ಇಂಗ್ಲಿಷ್ ಬರವಣಿಗೆಯಲ್ಲಿ ಹಾಗಾಯಿತು. ಜನರೆಲ್ಲ ಅವನನ್ನು ಪಾಪ್ವಾ ಎಂದೇ ಕರೆದರು. ನಾವೂ ಹಾಗೆಯೇ ಕರೆಯೋಣ.

ಪಾಪ್ವಾ ಹುಟ್ಟಿದ್ದು 1920ರ ದಶಕದ ಕೊನೆಯಲ್ಲಿ, ಡರ್ಬನ್ನಿನ ಬಡ ಭಾರತೀಯರ ಬಸತಿಯಲ್ಲಿ. ಗಿರ್ಮಿಟ್ ಕೂಲಿಗಳ ಸಂತತಿ. ಶಾಲೆಯ ಭಾಗ್ಯ ಅವನಿಗಿರಲಿಲ್ಲ. ಓದು ಬರಹ ಕೊನೆಯತನಕ ಬರಲಿಲ್ಲ. ಸಮೀಪದಲ್ಲಿ ಬಿಳಿಯರ ಗಾಲ್ಫ್ ಬಯಲಿತ್ತು. ಹುಡುಗ ಅಲ್ಲಿ ಕ್ಯಾಡಿಯಾದ. ಚೀಲ ಹೊರುತ್ತ ಹೊರುತ್ತ ನೋಡಿದ. ನೋಡಿದ್ದನ್ನು ತಾನೇ ಮಾಡಿ ಕಲಿತ. ಕಲಿಸುವವರು ಯಾರೂ ಇರಲಿಲ್ಲವಾದ್ದರಿಂದ ಅವನು ಕೋಲು ಹಿಡಿಯುವ ರೀತಿಯೇ ತಿರುಗುಮುರುಗು. ಬಲಗೈಯವರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ಪಾಪ್ವಾನದು ಬಲಗೈ ಮೇಲೆ, ಎಡಗೈ ಕೆಳಗೆ. ಸಲಿಕೆ ಹಿಡಿಯುವುದರಲ್ಲಿ ಹೊಸಬನೊಬ್ಬ ಹೀಗೆ ಕೈ ಇಟ್ಟರೆ ನಾವೇ ತಿದ್ದುತ್ತೇವೆ. ಆದರೆ ಹಾಗೆ ಹಿಡಿದ ಕೋಲಿನಿಂದಲೇ ಅವನು ಚೆಂಡನ್ನು ಬೇಕಾದಲ್ಲಿಗೆ ಕಳಿಸುತ್ತಿದ್ದ. ಪುಸ್ತಕ ಬಲ್ಲವರು ಅಚ್ಚರಿಪಟ್ಟರು.

ಆ ಕಾಲದ ದಕ್ಷಿಣ ಆಫ್ರಿಕದ ಸ್ಥಿತಿಯನ್ನು ನಮ್ಮ ಮಕ್ಕಳು ತಿಳಿದಿರಬೇಕು. 1948ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವು ವರ್ಣಭೇದವನ್ನೇ ಕಾನೂನು ಮಾಡಿತು. 1950ರ ಒಂದು ಶಾಸನದ ಪ್ರಕಾರ ಯಾವ ಬಣ್ಣದವರು ಎಲ್ಲಿ ವಾಸಿಸಬೇಕು ಎಂಬುದನ್ನು ಸರ್ಕಾರವೇ ಗೆರೆ ಎಳೆದು ಹೇಳಿತು. ಬಸ್ಸು ಬೇರೆ, ಶಾಲೆ ಬೇರೆ, ಆಸ್ಪತ್ರೆ ಬೇರೆ, ಸಮುದ್ರದ ದಂಡೆ ಕೂಡ ಬೇರೆ. ಆಟವೂ ಬೇರೆ. ಬಿಳಿಯರಲ್ಲದವರ ಪ್ರತ್ಯೇಕ ಪಂದ್ಯಗಳಲ್ಲಿ ಪಾಪ್ವಾ ಗೆದ್ದ. ಅಲ್ಲಿ ಗೆದ್ದರೆ ಹೊಟ್ಟೆ ತುಂಬುವಷ್ಟು ಹಣವಿರಲಿಲ್ಲ.

ಡರ್ಬನ್ನಿನಲ್ಲಿ ಗ್ರಹಾಂ ವುಲ್ಫ್ ಎಂಬ ಬಿಳಿಯ ರಸಾಯನ ತಜ್ಞನಿದ್ದ. ಇಂದು ಪೇಟೆಯಲ್ಲಿ ಓಲೇ ಎಂಬ ಹೆಸರಿನಲ್ಲಿ ಸಿಗುವ ಮುಖಕ್ಕೆ ಹಚ್ಚುವ ದ್ರವ್ಯವನ್ನು ಮೊದಲು ತಯಾರಿಸಿದವನು ಅವನೇ. ಪಾಪ್ವಾ ಅವನ ಚೀಲ ಹೊತ್ತಿದ್ದ, ಅವನ ಕಾರಖಾನೆಯಲ್ಲಿಯೂ ಕೆಲಸ ಮಾಡಿದ. ಈ ಹುಡುಗನ ಕೈಯಲ್ಲಿ ಇರುವುದನ್ನು ವುಲ್ಫ್ ಕಂಡ. 1959ರಲ್ಲಿ ತನ್ನ ಖರ್ಚಿನಲ್ಲಿಯೇ ಅವನನ್ನು ಯುರೋಪಿಗೆ ಕರೆದೊಯ್ದ. ಆ ವರ್ಷ ಹಾಲೆಂಡಿನ ಡಚ್ ಓಪನ್ ಪಂದ್ಯವನ್ನು ಪಾಪ್ವಾ ಗೆದ್ದುಬಿಟ್ಟ! ಬಾಟಲಿ ಕಟ್ಟುವ ಕೆಲಸದವನು, ಓದು ಬರಹ ಬಾರದವನು, ತಿರುಗುಮುರುಗು ಕೈಯವನು, ಯುರೋಪಿನ ಕಸಬುದಾರರನ್ನೆಲ್ಲ ಹಿಂದೆ ಹಾಕಿದ. 1960ರಲ್ಲಿ ಮತ್ತೆ ಗೆದ್ದ. 1964ರಲ್ಲಿ ಮೂರನೆಯ ಬಾರಿ ಗೆದ್ದ.

ವುಲ್ಫ್‌ನ ಹೆಸರನ್ನು ನಾವು ಮರೆಯದೆ ಹೇಳುತ್ತೇವೆ, ಏಕೆಂದರೆ ಕೃತಜ್ಞತೆ ನಮ್ಮ ಧರ್ಮ. ಆದರೆ ಒಂದು ಮಾತನ್ನು ಗಮನಿಸಿ. ಒಬ್ಬ ಒಳ್ಳೆಯ ಧಣಿಯು ಪಾಪ್ವಾನನ್ನು ಸಮುದ್ರದಾಚೆಗೆ ಕರೆದೊಯ್ಯಬಲ್ಲವನಾದ. ಅವನದೇ ಊರಿನ ಗಾಲ್ಫ್ ಮನೆಯ ಹೊಸ್ತಿಲು ದಾಟಿಸಲು ಅವನಿಂದಲೂ ಆಗಲಿಲ್ಲ.

ಅದು ಹೇಗೆಂದು ಈಗ ಕೇಳಿರಿ. 1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನೆಟಾಲ್ ಓಪನ್ ಪಂದ್ಯ ನಡೆಯಿತು. ವಿಶೇಷ ಅಪ್ಪಣೆ ಪಡೆದು ಪಾಪ್ವಾನಿಗೆ ಬಿಳಿಯರೊಂದಿಗೆ ಆಡಲು ಬಿಟ್ಟಿದ್ದರು. ನೂರಕ್ಕೂ ಮಿಕ್ಕಿದ ಬಿಳಿಯ ಆಟಗಾರರು, ಅವರ ನಡುವೆ ಇವನೊಬ್ಬ. ಬಟ್ಟೆ ಬದಲಿಸಲು ಒಳಗೆ ಹೋಗುವಂತಿಲ್ಲ, ಊಟಕ್ಕೆ ಒಳಗೆ ಹೋಗುವಂತಿಲ್ಲ. ಗೆರೆಯಾಚೆ ನಿಂತ ಭಾರತೀಯರು ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ ಗೆದ್ದವನು ಪಾಪ್ವಾ.

ಬಹುಮಾನ ಕೊಡುವ ಹೊತ್ತಿಗೆ ಮಳೆ ಬಂತು. ಬಿಳಿಯರು ಕ್ಲಬ್ಬಿನ ಮನೆಯೊಳಗೆ ಸೂರಿನಡಿ ಇದ್ದರು. ಗೆದ್ದವನು ಹೊರಗೆ. ಬಿಳಿಯನಲ್ಲದವನು ಅತಿಥಿಯಾಗಿ ಒಳಗೆ ಬಂದರೆ ಕಾನೂನು ಮುರಿದಂತೆ. ಆದ್ದರಿಂದ ಪ್ರಶಸ್ತಿಯನ್ನು ಹೊರಗೆ ತಂದು, ಮಳೆಯಲ್ಲಿಯೇ ಅವನ ಕೈಗೆ ಕೊಟ್ಟರು. ಅದೇ ಕ್ಲಬ್ಬಿನೊಳಗೆ ತಟ್ಟೆ ಹಿಡಿದು ಬಡಿಸುತ್ತಿದ್ದವರು ಭಾರತೀಯರೇ! ಚಾಕರಿಗೆ ಬಂದ ಭಾರತೀಯನಿಗೆ ಬಾಗಿಲು ತೆರೆದಿತ್ತು, ಗೆದ್ದು ಬಂದ ಭಾರತೀಯನಿಗೆ ಮುಚ್ಚಿತ್ತು. ಈ ಮಾತನ್ನು ನೀವು ಮನೆಗೆ ಒಯ್ಯಬೇಕು. ಅವರು ಹೆದರಿದ್ದು ಅವನ ಮೈಬಣ್ಣಕ್ಕೆ ಮಾತ್ರವಲ್ಲ. ಬಾಗಿ ನಿಂತರೆ ಬಣ್ಣ ಅಡ್ಡಿಯಾಗಲಿಲ್ಲ, ಸಮನಾಗಿ ನಿಂತಾಗ ಅಡ್ಡಿಯಾಯಿತು.

ಮಳೆಯಲ್ಲಿ ನಿಂತ ಪಾಪ್ವಾನ ಚಿತ್ರ ಲೋಕದ ಪತ್ರಿಕೆಗಳಲ್ಲಿ ಬಂತು. ನೋಡಿದವರು ನಾಚಿದರು. ಆ ದೇಶದೊಡನೆ ಆಟವಾಡಬಾರದು ಎಂಬ ಕೂಗಿಗೆ ಈ ಚಿತ್ರವೂ ಬಲಕೊಟ್ಟಿತು. 1964ರ ಟೋಕಿಯೋ ಒಲಿಂಪಿಕ್ಸಿಗೆ ದಕ್ಷಿಣ ಆಫ್ರಿಕವನ್ನು ಸೇರಿಸಲಿಲ್ಲ. 1970ರಲ್ಲಿ ಒಲಿಂಪಿಕ್ ಸಂಸ್ಥೆಯು ಅದನ್ನು ಹೊರಗೇ ಹಾಕಿತು. ನಮ್ಮ ಭಾರತವಂತೂ 1946ರಲ್ಲಿಯೇ ಅದರೊಡನೆ ವ್ಯಾಪಾರ ನಿಲ್ಲಿಸಿತ್ತು.

ಆದರೆ ಪಾಪ್ವಾನ ಮನೆಯಲ್ಲಿ ಒಲೆ ಉರಿಯಬೇಕಿತ್ತಲ್ಲ. 1965ರಲ್ಲಿ ಅವನು ಮತ್ತೆ ನೆಟಾಲ್ ಓಪನ್ ಗೆದ್ದ. ಒಂದು ಸಲ ಗೆದ್ದರೆ ಅದೃಷ್ಟ ಎನ್ನಬಹುದು, ಎರಡು ಸಲ ಗೆದ್ದವನನ್ನು ಏನೆನ್ನುವುದು? ಸರ್ಕಾರ ಕಾನೂನನ್ನು ಬಿಗಿಮಾಡಿತು. ಬಿಳಿಯರ ಪಂದ್ಯಗಳಿಗೆ ಅವನು ಕಾಲಿಡದಂತೆ ಮಾಡಿತು. ಹೊರದೇಶಕ್ಕೆ ಹೋಗಲು ಬೇಕಾದ ಪಾಸ್‌ಪೋರ್ಟನ್ನೂ ಕಸಿದುಕೊಂಡಿತು. ಕೈಯಲ್ಲಿ ಕಸಬು ಇದೆ, ಆಡಲು ಬಯಲಿಲ್ಲ. ಒಬ್ಬ ಮನುಷ್ಯನ ಅತ್ಯುತ್ತಮ ವರ್ಷಗಳು ಹೀಗೆ ಹೋದವು. 1978ರಲ್ಲಿ, ಐವತ್ತು ತುಂಬುವ ಮೊದಲೇ, ಬಡತನದಲ್ಲಿಯೇ ಅವನು ತೀರಿಹೋದ. 1994ರಲ್ಲಿ ಆ ದೇಶದಲ್ಲಿ ಎಲ್ಲರೂ ಮತ ಹಾಕಿ ಹೊಸ ಸರ್ಕಾರ ಬಂದುದನ್ನು ಅವನು ನೋಡಲಿಲ್ಲ. ಆಮೇಲೆ ಹೊಸ ಸರ್ಕಾರವು ಮರಣಾನಂತರ ಅವನನ್ನು ಗೌರವಿಸಿತು. ಡರ್ಬನ್ನಿನ ಒಂದು ಗಾಲ್ಫ್ ಬಯಲಿಗೆ ಅವನ ಹೆಸರಿದೆ.

ಬಂಧುಗಳೇ, ಇಲ್ಲಿಗೆ ಕಥೆ ಮುಗಿಸಿದರೆ ನೀವು ನಿಟ್ಟುಸಿರು ಬಿಟ್ಟು ಎದ್ದುಹೋಗುವಿರಿ. ಅದು ನಮಗೆ ಬೇಡ. ಈ ಬಾಗಿಲು ಮುಚ್ಚಿಕೊಂಡೇ ಇರುವಂಥದೋ, ತೆರೆಯುವಂಥದೋ? ಇದನ್ನು ತಿಳಿಯಲು ಇನ್ನೊಬ್ಬನ ಕಥೆ ಬೇಕು.

ಇಂಗ್ಲೆಂಡಿನಲ್ಲಿ ಜೆ. ಎಚ್. ಟೇಲರ್ ಎಂಬವನಿದ್ದ. ಹುಟ್ಟಿದ್ದು 1871ರಲ್ಲಿ, ನಾರ್ಥಮ್ ಎಂಬ ಹಳ್ಳಿಯಲ್ಲಿ. ತಂದೆ ಬೇಗನೆ ತೀರಿಹೋದ. ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ. ಚೀಲ ಹೊತ್ತ, ತೋಟದಲ್ಲಿ ಕೆಲಸ ಮಾಡಿದ, ಗೌಂಡಿಗಳ ಕೈಕೆಳಗೆ ಕೂಲಿ ಮಾಡಿದ, ಹುಲ್ಲುಬಯಲು ನೋಡಿಕೊಳ್ಳುವ ಆಳಾದ. 1894ರಲ್ಲಿ ಅವನು ಓಪನ್ ಗೆದ್ದ. ಒಟ್ಟು ಐದು ಸಲ ಗೆದ್ದ. ಇವನದು ಬಿಳಿಯ ಬಣ್ಣವೇ. ಆದರೂ ಕ್ಲಬ್ಬಿನ ಮುಂಬಾಗಿಲು ಇವನಿಗೂ ಮುಚ್ಚಿತ್ತು, ಏಕೆಂದರೆ ಇವನು ಕೂಲಿಗೆ ಆಡುವವನು. ದೊರೆಗಳು ಒಳಗೆ, ಕಸಬುದಾರರು ಹಿಂದಿನ ಗುಡಿಸಲಿನಲ್ಲಿ. ಅಲ್ಲಿ ಬಣ್ಣದ ಗೋಡೆಯಿಲ್ಲದಿದ್ದರೂ ಕೂಲಿಯ ಗೋಡೆಯಿತ್ತು.

ಟೇಲರ್ ತಾನೊಬ್ಬನೇ ಗೆದ್ದು ತೃಪ್ತನಾಗಲಿಲ್ಲ. 1901ರಲ್ಲಿ ಅವನೂ ಅವನ ಜೊತೆಗಾರರೂ ಕೂಡಿ ಕಸಬುದಾರ ಗಾಲ್ಫ್ ಆಟಗಾರರ ಸಂಘ ಕಟ್ಟಿದರು. ಟೇಲರನೇ ಮೊದಲ ಅಧ್ಯಕ್ಷ. ಕೋಲು ಚೆಂಡು ಮಾರಿ ಬರುವ ಸಣ್ಣ ಗಳಿಕೆಯನ್ನು ಕ್ಲಬ್ಬುಗಳು ಕಿತ್ತುಕೊಳ್ಳದಂತೆ ನೋಡುವುದು, ಕೆಲಸ ಹೋದವನಿಗೆ ಕೆಲಸ ಹುಡುಕಿಕೊಡುವುದು, ಕಷ್ಟಕ್ಕೆ ಬಿದ್ದವನಿಗೆ ನಿಧಿಯಿಂದ ಕೊಡುವುದು ಆ ಸಂಘದ ಕೆಲಸಗಳಾದವು. ಇವು ನಮ್ಮ ಸಂಘಗಳ ಕೆಲಸಗಳೇ ಅಲ್ಲವೇ? ಬಾಗಿಲು ತಟ್ಟನೆ ತೆರೆಯಲಿಲ್ಲ. 1920ರಲ್ಲಿ ಅಮೇರಿಕದ ಟೊಲೀಡೋ ಎಂಬ ಊರಿನ ಕ್ಲಬ್ಬು ದೊಡ್ಡ ಪಂದ್ಯದ ಹೊತ್ತಿನಲ್ಲಿ ಕಸಬುದಾರರನ್ನು ಮುಂಬಾಗಿಲಿನಿಂದಲೇ ಒಳಗೆ ಬರಮಾಡಿಕೊಂಡಿತು. ಆಟಗಾರರೆಲ್ಲ ವಂತಿಗೆ ಹಾಕಿ ಆ ಕ್ಲಬ್ಬಿಗೆ ಒಂದು ದೊಡ್ಡ ಗಡಿಯಾರ ಕಾಣಿಕೆ ಕೊಟ್ಟರು. ಇದಾದ ಮೇಲೆ ಒಂದೊಂದು ಕಡೆ ಒಂದೊಂದು ಬಾಗಿಲು ತೆರೆಯುತ್ತ ಬಂತು. ಟೇಲರ್ ತುಂಬು ಬಾಳು ಬಾಳಿ, ಹುಟ್ಟಿದ ಹಳ್ಳಿಯಲ್ಲಿಯೇ 1963ರಲ್ಲಿ ತೀರಿಕೊಂಡ. ಪಾಪ್ವಾ ಮಳೆಯಲ್ಲಿ ನಿಂತದ್ದೂ ಅದೇ ವರ್ಷ.

ಹಾಗಾದರೆ ಸಂಘ ಕಟ್ಟಿದರೆ ಸಾಕೇ? ಇಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಅಮೇರಿಕದಲ್ಲಿಯೂ ಇಂಥದೇ ಸಂಘವಿತ್ತು. ಮುಂಬಾಗಿಲಿನ ಅವಮಾನ ಏನೆಂದು ಬಲ್ಲವರ ಸಂಘ. ಅದೇ ಸಂಘ 1934ರಲ್ಲಿ ಬಿಳಿಯರು ಮಾತ್ರ ಸದಸ್ಯರಾಗಬಹುದು ಎಂದು ತನ್ನ ನಿಯಮದಲ್ಲಿ ಬರೆದುಕೊಂಡಿತು! 1961ರ ತನಕ ಆ ಸಾಲು ಹಾಗೆಯೇ ಇತ್ತು. ನಿನ್ನೆ ಹೊರಗೆ ನಿಂತವರು ಇಂದು ಒಳಗೆ ಬಂದ ಮೇಲೆ ತಾವೇ ಬಾಗಿಲು ಹಾಕಿಕೊಂಡರು. ಇದು ಪರದೇಶದ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಗ್ಯಾಂಗಿನಲ್ಲಿ, ನಮ್ಮ ಓಣಿಯಲ್ಲಿ, ನಮ್ಮ ಊಟದ ಪಂಕ್ತಿಯಲ್ಲಿ ಯಾರಾದರೂ ಹೊರಗೆ ನಿಂತಿದ್ದಾರೆಯೇ? ಹೊಸದಾಗಿ ಬಂದ ಬೇರೆ ತಾಲ್ಲೂಕಿನ ಕೂಲಿಯವನನ್ನು ನಾವು ಹೇಗೆ ನೋಡುತ್ತೇವೆ? ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡಿಕೊಂಡು ಬಾಳುವ ನಮಗೆ ಹೊರಗಿನವರೆಂದು ಅನ್ನಿಸಿಕೊಳ್ಳುವ ನೋವು ಗೊತ್ತಿದೆ. ಗೊತ್ತಿದ್ದವರೇ ಇನ್ನೊಬ್ಬರಿಗೆ ಅದನ್ನು ಕೊಡಬಾರದು.

ನಮ್ಮ ನಾಡಿನ ಸುದ್ದಿಯನ್ನೂ ಹೇಳಿ ಮುಗಿಸುತ್ತೇವೆ. ಬ್ರಿಟಿಷರು ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ಬು ಕಟ್ಟಿದರು. ಅಲ್ಲಿಯೂ ಚೀಲ ಹೊತ್ತವರು ನಮ್ಮವರೇ. 1964ರಲ್ಲಿ ಶುರುವಾದ ಇಂಡಿಯನ್ ಓಪನ್ ಪಂದ್ಯವನ್ನು ಭಾರತದ ಕಸಬುದಾರನೊಬ್ಬ ಮೊದಲು ಗೆದ್ದದ್ದು 1991ರಲ್ಲಿ. ಅವನು ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್. 1993ರಲ್ಲಿ ಅವನೇ ಮತ್ತೆ ಗೆದ್ದ. 2009ರಲ್ಲಿ ಅದೇ ಪಂದ್ಯವನ್ನು ಗೆದ್ದವನು ಬೆಂಗಳೂರಿನ ಸಿ. ಮುನಿಯಪ್ಪ. ಅವನೂ ಕ್ಯಾಡಿಯಾಗಿ ಶುರುಮಾಡಿದವನು. ಕೊರಿಯ ದೇಶದ ಆಟಗಾರನೊಡನೆ ಸಮ ಸಮವಾಗಿ, ಹೆಚ್ಚುವರಿ ಆಟದಲ್ಲಿ ಗೆದ್ದ. ಕನ್ನಡ ನಾಡಿನಲ್ಲಿ ಚೀಲ ಹೊತ್ತ ಭುಜ ದೇಶದ ದೊಡ್ಡ ಪ್ರಶಸ್ತಿಯನ್ನು ಎತ್ತಿತು. ಅವನನ್ನು ಯಾರೂ ಮಳೆಯಲ್ಲಿ ನಿಲ್ಲಿಸಲಿಲ್ಲ. ಪಾಪ್ವಾನಿಗೂ ಮುನಿಯಪ್ಪನಿಗೂ ಕೈಯ ಕಸುವಿನಲ್ಲಿ ವ್ಯತ್ಯಾಸವಿರಲಿಲ್ಲ, ಅವರ ಮೇಲಿದ್ದ ಕಾನೂನಿನಲ್ಲಿ ವ್ಯತ್ಯಾಸವಿತ್ತು.

ಈಗ ನಾವು ಕೇಳಿಕೊಳ್ಳುವುದು ಮೂರೇ ಮಾತು.

ಮೊದಲನೆಯದು, ಹಂಗಾಮಿಗೆ ಹೋಗುವಾಗ ಮಕ್ಕಳ ಶಾಲೆ ಬಿಡಿಸಬೇಡಿರಿ. ಅಜ್ಜಿಯ ಹತ್ತಿರವೋ ಸೋದರಮಾವನ ಹತ್ತಿರವೋ ಬಿಟ್ಟುಹೋಗುವ ದಾರಿ ನೋಡಿರಿ. ಪಾಪ್ವಾನಂಥ ಗಟ್ಟಿಗನಿಗೂ ಅಕ್ಷರ ಬಾರದ್ದರಿಂದ ಕಾಗದಪತ್ರಕ್ಕೆಲ್ಲ ಇನ್ನೊಬ್ಬರ ಮುಖ ನೋಡಬೇಕಾಯಿತು. ಉಚಲಿನ ಲೆಕ್ಕವನ್ನು ನಮ್ಮ ಮಗಳೇ ಓದಿ ಹೇಳಿದರೆ ಮುಕಾದಮನ ವಹಿ ತಾನಾಗಿ ನೆಟ್ಟಗಾಗುತ್ತದೆ.

ಎರಡನೆಯದು, ಮಗುವಿನ ಕೈಯಲ್ಲಿ ಏನಿದೆಯೋ ಅದನ್ನು ನಗೆಯಾಡಬೇಡಿರಿ. ತಿರುಗುಮುರುಗು ಹಿಡಿದರೂ ಹೊಡೆತ ನೆಟ್ಟಗಿದ್ದರೆ ಬಿಡಿರಿ, ಆಡಲಿ. ಇದು ನಮ್ಮಂಥವರ ಆಟವಲ್ಲ, ನಮ್ಮಂಥವರ ಓದಲ್ಲ ಎಂಬ ಮಾತು ಮೊದಲು ನಮ್ಮ ಬಾಯಿಂದ ಬರದಿರಲಿ. ಅದನ್ನು ಹೇಳುವವರು ಹೊರಗೆ ಬೇಕಾದಷ್ಟು ಜನರಿದ್ದಾರೆ.

ಮೂರನೆಯದು, ಒಬ್ಬ ಗೆದ್ದನೆಂದು ಉಳಿದವರು ಮನೆಗೆ ಹೋಗಬಾರದು. ವಿಶೇಷ ಅಪ್ಪಣೆಯ ಮೇಲೆ ಒಬ್ಬನನ್ನು ಒಳಗೆ ಬಿಟ್ಟವರು ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬಲ್ಲರು. ಪಾಪ್ವಾನಿಗೆ ಆದದ್ದು ಅದೇ. ಎಲ್ಲರಿಗೂ ಒಂದೇ ನಿಯಮವಾದಾಗ ಮಾತ್ರ ಬಾಗಿಲು ತೆರೆಯಿತು ಎನ್ನಬೇಕು. ಆ ನಿಯಮಕ್ಕಾಗಿ ಕೂಡಿ ಕೇಳಬೇಕು, ಕೂಡಿ ನಿಲ್ಲಬೇಕು.

ಅದು ಯಾರ ಆಟವೆಂದು ನೀವೇ ಹೇಳಿ ಎಂದು ನಾವು ಮೊದಲಿಗೆ ಅಂದೆವು. ಚೀಲ ಹೊತ್ತು ಬಯಲಿನ ಉದ್ದಗಲ ನಡೆದವರಿಗೆ ಆ ಬಯಲಿನ ಮೇಲೆ ಹಕ್ಕಿಲ್ಲವೆಂದು ಯಾರು ಹೇಳಬಲ್ಲರು? ಕಬ್ಬು ಕಡಿದವರಿಗೆ ಬೆಲ್ಲದ ಸವಿ ಸಲ್ಲದೆಂದು ಯಾರು ಹೇಳಬಲ್ಲರು? ಮುಂದಿನ ಸಾಲಿನ ಹುಡುಗರು ಈಗ ನಗುತ್ತಿಲ್ಲ. ಅಷ್ಟು ಸಾಕು. ಹೊತ್ತಾಗಿದೆ, ಚಿಕ್ಕ ಮಕ್ಕಳು ನಿದ್ದೆಗೆ ಬಿದ್ದಿದ್ದಾರೆ. ಅವರನ್ನು ಎತ್ತಿಕೊಂಡು ನಿಧಾನವಾಗಿ ಮನೆಗೆ ಹೋಗಿರಿ.